ಹಲಗೆ ಹಾಕುವ ದಿನ: ಜಗತ್ತಿನ ಕಾಲುವೆಗಳೂ ನಮ್ಮ ಕಿಂಡಿ ಅಣೆಕಟ್ಟುಗಳೂ

(ಗ್ರಾಮ ಪಂಚಾಯತ್ ಸದಸ್ಯರ ಅಧ್ಯಯನಕ್ಕಾಗಿ)



ಮನುಷ್ಯನು ಕಟ್ಟಿದ ಕಾಲುವೆ, ಜಲಾಶಯ, ಜಲಮಾರ್ಗಗಳ ಮಾತು ಬಂದಾಗ ನಮ್ಮ ಕಣ್ಮುಂದೆ ಸುಯೆಜ್, ಪನಾಮಾ, ಕೃಷ್ಣರಾಜಸಾಗರ ಇಂಥ ಹೆಸರುಗಳು ಸುಳಿಯುತ್ತವೆ. ನಮ್ಮೂರ ಹೊಳೆಗೆ ಅಡ್ಡಲಾಗಿ ನಿಂತಿರುವ, ಎಂಟೋ ಹತ್ತೋ ಕಿಂಡಿಗಳ ಸಣ್ಣ ಅಣೆಕಟ್ಟು ಆ ಸಾಲಿಗೆ ಸೇರಿದ್ದೆಂದು ಯಾರೂ ಎಣಿಸುವುದಿಲ್ಲ. ಆದರೆ ಆ ದೊಡ್ಡ ಕಟ್ಟಡಗಳನ್ನು ಬದುಕಿಸಿರುವುದೂ ಕೊಂದಿರುವುದೂ ಯಾವ ಕೆಲಸವೋ, ಅದೇ ಕೆಲಸವು ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ ನಮ್ಮ ಪಂಚಾಯತ್‌ಗಳ ಕಾರ್ಯಸೂಚಿಯಲ್ಲಿ "ಇತರೆ ವಿಷಯಗಳು" ಎಂಬ ಕೊನೆಯ ಸಾಲಿನಲ್ಲಿ ಕುಳಿತಿರುತ್ತದೆ. ಹಲಗೆ ಹಾಕುವುದು, ಹೂಳು ತೆಗೆಯುವುದು, ಸೋರಿಕೆ ಕಟ್ಟುವುದು: ಈ ಲೇಖನದ ವಿಷಯ ಇಷ್ಟೇ.

ಮೊದಲು ನಮ್ಮ ಮಳೆಯ ಲೆಕ್ಕ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಈ ಸೂತ್ರದಂತೆ ಒಂದು ಎಕರೆ ಗದ್ದೆಯ ಮೇಲೆ ವರ್ಷವೊಂದರಲ್ಲಿ ಸುಮಾರು 1.6 ಕೋಟಿ ಲೀಟರ್ ನೀರು ಬೀಳುತ್ತದೆ. ಇಷ್ಟು ನೀರು ಬಿದ್ದ ನೆಲದಲ್ಲಿ ಏಪ್ರಿಲ್ ತಿಂಗಳಿಗೆ ಟ್ಯಾಂಕರ್ ಕರೆಯಬೇಕಾಗುತ್ತದೆ. ಘಟ್ಟದಿಂದ ಕಡಲಿಗೆ ಇರುವ ದೂರ ಕಡಿಮೆ, ಇಳಿಜಾರು ಹೆಚ್ಚು. ಸೀತೆ, ಸ್ವರ್ಣೆಯರ ನೀರು ತಡೆಯಿಲ್ಲದೆ ಓಡಿ ಕೋಡಿಬೆಂಗ್ರೆಯ ಅಳಿವೆಯಲ್ಲಿ ಕಡಲು ಸೇರುತ್ತದೆ. ವಾರಾಹಿಯ ನೀರು ಗಂಗೊಳ್ಳಿಯ ಬಳಿ. ಹೊಳೆಯ ಹರಿವು ಕುಗ್ಗಿದೊಡನೆ ಕಡಲಿನ ನೀರು ಅದೇ ದಾರಿಯಲ್ಲಿ ಮೇಲೇರಿ ಬರುತ್ತದೆ. ಸಿಹಿನೀರು ಓಡಿಹೋಗುವುದು ಮತ್ತು ಉಪ್ಪುನೀರು ಏರಿಬರುವುದು, ಇವೆರಡೂ ನಮ್ಮಲ್ಲಿ ಒಂದೇ ಸಮಸ್ಯೆಯ ಎರಡು ಮುಖಗಳು.

ವಾರಾಹಿಯ ಪಾಠ

ದೊಡ್ಡ ಕಾಲುವೆ ಏನೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಘಟ್ಟದ ಮೇಲೆ ಮಾಣಿ ಅಣೆಕಟ್ಟಿನಲ್ಲಿ ನಿಂತ ನೀರು ಭೂಗತ ವಿದ್ಯುದಾಗಾರದಲ್ಲಿ ಚಕ್ರಗಳನ್ನು ತಿರುಗಿಸಿ (ಇಂದು ಅದರ ಸಾಮರ್ಥ್ಯ 460 ಮೆಗಾವಾಟ್) ಕೆಳಗಿಳಿದು ಮತ್ತೆ ವಾರಾಹಿಯನ್ನು ಸೇರುತ್ತದೆ. ಹೀಗೆ ಬೇಸಿಗೆಯಲ್ಲೂ ಬರುವ ಈ ನೀರನ್ನು ಹೊಳೆಶಂಕರನಾರಾಯಣದ ಬಳಿ ತಡೆದು, ಎಡದಂಡೆ ಬಲದಂಡೆ ಕಾಲುವೆಗಳ ಮೂಲಕ ಅಂದಿನ ಕುಂದಾಪುರ ಮತ್ತು ಉಡುಪಿ ತಾಲೂಕುಗಳ 15,702 ಹೆಕ್ಟೇರ್ ಭೂಮಿಗೆ ಒದಗಿಸುವುದೆಂದು 1979ರಲ್ಲಿ ಯೋಜನೆ ಮಂಜೂರಾಯಿತು. ಅಂದಾಜು ವೆಚ್ಚ 9.43 ಕೋಟಿ ರೂಪಾಯಿ. 2006ರ ಪರಿಷ್ಕೃತ ಅಂದಾಜು 569.53 ಕೋಟಿ. ಎಡದಂಡೆ ಕಾಲುವೆಗೆ ಮೊದಲ ಬಾರಿ ನೀರು ಹರಿದದ್ದು 2015ರ ಮೇ ತಿಂಗಳಲ್ಲಿ. ನಾನು ಹುಟ್ಟುವ ಮೊದಲೇ ಮಂಜೂರಾದ ಕಾಲುವೆಗೆ ನಾನು ಇಂಜಿನಿಯರಿಂಗ್ ಪದವಿ ಮುಗಿಸಿದ ಮೇಲೆ ನೀರು ಬಂತು.

ಅರಣ್ಯ ಅನುಮತಿ, ಭೂಸ್ವಾಧೀನ, ಹಣಕಾಸು ಎಂದು ವಿಳಂಬದ ಕಾರಣಗಳನ್ನು ಎಲ್ಲರೂ ಬಲ್ಲರು. ಆ ಚರ್ಚೆ ಇಲ್ಲಿ ಬೇಡ. ಆದರೆ ವಿಳಂಬದ ಬೆಲೆ ಏನೆಂಬುದಕ್ಕೆ ಬ್ರಹ್ಮಾವರದಲ್ಲಿಯೇ ಒಂದು ಸಾಕ್ಷಿಯಿದೆ. ವಾರಾಹಿ ನೀರು ಬಂದರೆ ಕಬ್ಬು ಬೆಳೆಯಬಹುದೆಂಬ ಭರವಸೆಯ ಮೇಲೆ 1980ರ ದಶಕದಲ್ಲಿ ಇಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದಿತು. ನೀರು ಬರಲಿಲ್ಲ, ಕಾರ್ಖಾನೆಗೆ ಬೇಕಾದಷ್ಟು ಕಬ್ಬು ಬೆಳೆಯಲಿಲ್ಲ, ಎರಡು ದಶಕಗಳಲ್ಲಿ ಕಾರ್ಖಾನೆ ಮುಚ್ಚಿತು. ಕಾಲುವೆಗೆ ನೀರು ಬಂದಾಗ ಕಬ್ಬು ಅರೆಯುವ ಗಾಣ ಇರಲಿಲ್ಲ. ಕಬ್ಬು ಬೆಳೆದಿದ್ದ ರೈತರೂ ಷೇರು ಹಣ ಕೊಟ್ಟವರೂ ಇಂದಿಗೂ ನಮ್ಮ ಗ್ರಾಮಸಭೆಗಳಲ್ಲಿ ಕುಳಿತಿರುತ್ತಾರೆ.

ಈಗ ನೀರು ಬಂದಿದೆ. ಮುಖ್ಯ ಕಾಲುವೆಯಿಂದ ಉಪಕಾಲುವೆಗೆ, ಅಲ್ಲಿಂದ ಹೊಲಗಾಲುವೆಗೆ, ಹೊಲಗಾಲುವೆಯಿಂದ ಕೊನೆಯ ಗದ್ದೆಗೆ ಅದು ತಲುಪಬೇಕು. ಕಾಲುವೆ ತಜ್ಞರು ಜಗತ್ತಿನಾದ್ಯಂತ ಒಪ್ಪುವ ಮಾತೊಂದಿದೆ: ತಲೆಯಲ್ಲಿರುವ ರೈತನು ಬೇಕಾದುದಕ್ಕಿಂತ ಹೆಚ್ಚು ನೀರು ಬಿಟ್ಟುಕೊಳ್ಳುತ್ತಾನೆ, ಬಾಲದಲ್ಲಿರುವವನಿಗೆ ಉಳಿಯುವುದು ಒಣ ಕಾಲುವೆ. ಇದು ಗುಣದೋಷದ ಪ್ರಶ್ನೆಯಲ್ಲ; ನಾಳೆ ನೀರು ಬರುತ್ತದೆಂಬ ನಂಬಿಕೆ ಇಲ್ಲದವನು ಇಂದೇ ತುಂಬಿಸಿಕೊಳ್ಳುತ್ತಾನೆ. ಈ ನಂಬಿಕೆಯನ್ನು ಕಾಂಕ್ರೀಟ್‌ನಿಂದ ಕಟ್ಟಲಾಗದು.

ಸ್ಪೇನ್ ದೇಶದ ವಲೆನ್ಸಿಯಾ ನಗರದಲ್ಲಿ ಅದನ್ನು ಕಟ್ಟಿದ ರೀತಿ ಕುತೂಹಲಕರವಾಗಿದೆ. ಅಲ್ಲಿಯ ಬಯಲಿಗೆ ನೀರುಣಿಸುವ ಹಳೆಯ ಕಾಲುವೆಗಳ ರೈತರು ತಮ್ಮೊಳಗಿನಿಂದಲೇ ಒಬ್ಬೊಬ್ಬ ಪ್ರತಿನಿಧಿಯನ್ನು ಆರಿಸುತ್ತಾರೆ. ಪ್ರತಿ ಗುರುವಾರ ಮಧ್ಯಾಹ್ನ ಅವರು ದೊಡ್ಡ ಚರ್ಚಿನ ಬಾಗಿಲಲ್ಲಿ ಬಹಿರಂಗವಾಗಿ ಕುಳಿತು, ಯಾರು ಸರದಿ ತಪ್ಪಿಸಿದರು, ಯಾರು ಕಾಲುವೆ ಕೆಡಿಸಿದರು ಎಂಬ ದೂರುಗಳನ್ನು ಕೇಳಿ ಅಲ್ಲಿಯೇ ತೀರ್ಪು ನೀಡುತ್ತಾರೆ. ವಕೀಲರಿಲ್ಲ, ಕಡತವಿಲ್ಲ, ಎಲ್ಲವೂ ಬಾಯಿಮಾತಿನಲ್ಲಿ. ಶತಮಾನಗಳಿಂದ ನಡೆದುಬಂದಿರುವ ಈ ನ್ಯಾಯಪೀಠವನ್ನು 2009ರಲ್ಲಿ ಯುನೆಸ್ಕೋ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ತೀರ್ಪು ಕೊಡುವವನೂ ಅದೇ ಕಾಲುವೆಯ ನೀರು ಕುಡಿಯುವ ರೈತ. ಅಲ್ಲಿರುವ ಬಲ ಅದು. ನಮ್ಮಲ್ಲಿ ನೀರು ಬಳಕೆದಾರರ ಸಂಘಗಳು ಕಾಗದದಲ್ಲಿ ಹುಟ್ಟುತ್ತವೆ. ಗುರುವಾರದ ಸಭೆ ನಡೆಯುವುದಿಲ್ಲ.

ಎರಡು ಸಾವಿರ ವರ್ಷಗಳ ಹೂಳು

ಚೀನಾದ ಸಿಚುವಾನ್ ಪ್ರಾಂತದಲ್ಲಿ ದುಜಿಯಾಂಗ್ಯಾನ್ ಎಂಬ ನೀರಾವರಿ ವ್ಯವಸ್ಥೆಯಿದೆ. ಕ್ರಿಸ್ತಪೂರ್ವ 256ರ ಸುಮಾರಿಗೆ ಲಿ ಬಿಂಗ್ ಎಂಬ ಅಧಿಕಾರಿ ಅದನ್ನು ಕಟ್ಟಿಸಿದನು. ನದಿಗೆ ಅಡ್ಡಲಾಗಿ ಎತ್ತರದ ಅಣೆಕಟ್ಟು ಇಲ್ಲವೇ ಇಲ್ಲ. ನದಿಯ ನಡುವೆ ಮೀನಿನ ಮೂತಿಯಂತೆ ಒಂದು ದಿಬ್ಬ. ಅದು ಹರಿವನ್ನು ಎರಡಾಗಿ ಸೀಳುತ್ತದೆ. ಒಂದು ಕವಲು ಹೊಲಗಳಿಗೆ, ಇನ್ನೊಂದು ಪ್ರವಾಹದ ನೀರಿಗೆ. ಕಲ್ಲು ತುಂಬಿದ ಬಿದಿರಿನ ಬುಟ್ಟಿಗಳಿಂದ ಕಟ್ಟಿದ ಆ ವ್ಯವಸ್ಥೆ ಇಂದಿಗೂ ಲಕ್ಷಾಂತರ ಹೆಕ್ಟೇರ್‌ಗೆ ನೀರುಣಿಸುತ್ತಿದೆ.

ಬಿದಿರಿನ ಬುಟ್ಟಿ ಎರಡು ಸಾವಿರ ವರ್ಷ ಬಾಳುವ ವಸ್ತುವಲ್ಲ. ಬಾಳಿದ್ದು ಒಂದು ಪದ್ಧತಿ. ಚಳಿಗಾಲದಲ್ಲಿ ನೀರು ಕಡಿಮೆಯಾದಾಗ ಕವಲನ್ನು ತಡೆದು, ಹೂಳು ತೆಗೆದು, ಬುಟ್ಟಿಗಳನ್ನು ಸರಿಪಡಿಸಿ, ವಸಂತದಲ್ಲಿ ಮತ್ತೆ ನೀರು ಬಿಡುವುದು. ಎಷ್ಟು ಆಳಕ್ಕೆ ಹೂಳು ತೆಗೆಯಬೇಕೆಂಬ ಜಗಳ ಬಾರದಿರಲೆಂದು ನದಿಯ ತಳದಲ್ಲಿ ಕಬ್ಬಿಣದ ದಿಂಡುಗಳನ್ನು ಹೂತಿಟ್ಟರು. ಅಗೆಯುವವನ ಸಲಿಕೆಗೆ ಕಬ್ಬಿಣ ತಗುಲಿದರೆ ಕೆಲಸ ಮುಗಿಯಿತು, ತಗುಲದಿದ್ದರೆ ಮುಗಿದಿಲ್ಲ. ಅಳತೆ ಪುಸ್ತಕವನ್ನೂ ಛಾಯಾಚಿತ್ರಗಳನ್ನೂ ನಂಬಿ ಬಿಲ್ಲು ಪಾಸು ಮಾಡುವ ನನಗೆ ಈ ದಿಂಡುಗಳ ಬಗ್ಗೆ ಓದಿದ ದಿನ ಸ್ವಲ್ಪ ನಾಚಿಕೆಯಾಯಿತು.

ನಮ್ಮ ರಾಜ್ಯದಲ್ಲಿಯೂ ಇಂಥ ಆಯುಷ್ಯದ ಕಾಲುವೆಗಳಿವೆ. ಹಂಪಿಯ ಸುತ್ತ ವಿಜಯನಗರದ ಕಾಲದ ತುರ್ತು ಕಾಲುವೆ, ಬಸವಣ್ಣ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಅದೇ ತುಂಗಭದ್ರೆಯ ಮೇಲೆ ನಮ್ಮ ಕಾಲದಲ್ಲಿ ಕಟ್ಟಿದ ಜಲಾಶಯದಲ್ಲಿ 2024ರ ಆಗಸ್ಟ್ 10ರ ರಾತ್ರಿ ಏನಾಯಿತೆಂಬುದು ಸದಸ್ಯರ ನೆನಪಿನಲ್ಲಿರಬಹುದು. 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ಬೆಳೆಗೆಂದು ನಿಂತ ನೀರು ನದಿಗೆ ಸುರಿಯಿತು. ಕಟ್ಟಡ ಅಲುಗಲಿಲ್ಲ, ತುಂಡಾದದ್ದು ಸರಪಳಿ. ಅದನ್ನು ತಡೆದ ಉಪಾಯವನ್ನು ಗಮನಿಸಿ: ಉಕ್ಕಿನ ಭಾರಿ ಹಲಗೆಗಳನ್ನು ಒಂದರ ಮೇಲೊಂದರಂತೆ ಇಳಿಸಿ, ಸುಮಾರು ಒಂದು ವಾರದಲ್ಲಿ ಕಿಂಡಿ ಮುಚ್ಚಿದರು. ಇಂಜಿನಿಯರುಗಳು ಅದನ್ನು ಸ್ಟಾಪ್‌ಲಾಗ್ ಎನ್ನುತ್ತಾರೆ. ನಮ್ಮ ಕಿಂಡಿ ಅಣೆಕಟ್ಟಿನ ಹಲಗೆಯ ದೊಡ್ಡಣ್ಣ ಅದು, ಬೇರೇನೂ ಅಲ್ಲ.

ಉಪ್ಪಿನ ಲೆಕ್ಕ

ಈಗ ಕಿಂಡಿ ಅಣೆಕಟ್ಟಿಗೆ ಬರೋಣ. ಅದು ಎಷ್ಟು ನೀರನ್ನು ಹಿಡಿಯುತ್ತದೆ? ಹೊಳೆಯ ಅಗಲ 20 ಮೀಟರ್, ಹಲಗೆ ಹಾಕಿದಾಗ ನೀರಿನ ಎತ್ತರ 2 ಮೀಟರ್, ಹೊಳೆಯ ಇಳಿಜಾರು ಸಾವಿರಕ್ಕೆ ಒಂದು ಎಂದಿಟ್ಟುಕೊಳ್ಳಿ. ನೀರು ಹಿಂದಕ್ಕೆ 2 ಕಿಲೋಮೀಟರ್ ನಿಲ್ಲುತ್ತದೆ. ಅದು ಬೆಣೆಯ ಆಕಾರದಲ್ಲಿರುವುದರಿಂದ ಅರ್ಧ ಲೆಕ್ಕ ಹಿಡಿದರೆ 40,000 ಘನ ಮೀಟರ್, ಅಂದರೆ 4 ಕೋಟಿ ಲೀಟರ್. ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ಆದರೆ ಮೇಲೆ ಹೇಳಿದ ಮಳೆಯ ಲೆಕ್ಕಕ್ಕೆ ಹೋಲಿಸಿದರೆ ಇದು ಕೇವಲ ಎರಡೂವರೆ ಎಕರೆಯ ಮೇಲೆ ಬಿದ್ದ ಒಂದು ವರ್ಷದ ಮಳೆ! ಇಷ್ಟಕ್ಕೆ ಇಷ್ಟು ಖರ್ಚೇ ಎಂದು ಸದಸ್ಯರೊಬ್ಬರು ಸಭೆಯಲ್ಲಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

ಉತ್ತರ ಹೊಳೆಯಲ್ಲಿಲ್ಲ, ದಡದ ನೆಲದೊಳಗಿದೆ. ಮಳೆಗಾಲದಲ್ಲಿ ಗುಡ್ಡದ ಮುರಕಲ್ಲು ಹೀರಿಕೊಂಡ ನೀರು ಬೇಸಿಗೆಯುದ್ದಕ್ಕೂ ಮೆಲ್ಲನೆ ಹೊಳೆಯ ಕಡೆಗೆ ಜಾರುತ್ತಿರುತ್ತದೆ. ಹೊಳೆಯ ಮಟ್ಟ ಎರಡು ಮೀಟರ್ ಮೇಲಿದ್ದರೆ ಜಾರುವ ವೇಗ ಕುಗ್ಗುತ್ತದೆ. ಬೆಟ್ಟು, ಮಜಲು, ಬೈಲುಗಳ ಬಾವಿಗಳಲ್ಲಿ ನೀರು ನಿಲ್ಲುತ್ತದೆ. ಹಲಗೆ ತಡೆಯುವುದು ಹೊಳೆಯ ನೀರನ್ನಷ್ಟೇ ಅಲ್ಲ, ಇಡೀ ಗುಡ್ಡದ ನೀರನ್ನು. ಕಾಸರಗೋಡಿನ ಏತಡ್ಕದ ಕಡೆಯ ಕೃಷಿಕರು ಇದನ್ನು ತಲೆಮಾರುಗಳಿಂದ ಬಲ್ಲರು. ಅವರು ಒಂದೇ ತೋಡಿಗೆ ಸಾಲಾಗಿ ಕಲ್ಲು ಮಣ್ಣಿನ ಗಿಡ್ಡ ಕಟ್ಟಗಳನ್ನು ಪ್ರತಿ ವರ್ಷ ಕೂಡಿ ಕಟ್ಟುತ್ತಾರೆ. ಒಂದರ ಹಿನ್ನೀರು ಮುಗಿಯುವಲ್ಲಿ ಇನ್ನೊಂದು ಕಟ್ಟ. ಒಂದು ಎತ್ತರದ ಅಣೆಕಟ್ಟಿಗಿಂತ ಐದು ಗಿಡ್ಡ ಕಟ್ಟಗಳು ಹೆಚ್ಚು ಬಾವಿಗಳನ್ನು ತಲುಪುತ್ತವೆ.

ಕಡಲಿಗೆ ಹತ್ತಿರವಿರುವ ಪಂಚಾಯತ್‌ಗಳಿಗೆ ಇನ್ನೊಂದು ಲೆಕ್ಕ ಇನ್ನೂ ಮುಖ್ಯ. ಉಪ್ಪುನೀರು ಸಿಹಿನೀರಿಗಿಂತ ಶೇಕಡ ಎರಡೂವರೆಯಷ್ಟು ಭಾರ. ಆದ್ದರಿಂದ ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಕಡಲ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತರೆ ಕಡಲ ಮಟ್ಟದ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಸಿಹಿನೀರೇ ಇರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗೈಬೆನ್ ಮತ್ತು ಹರ್ಜ್‌ಬರ್ಗ್ ಎಂಬ ಇಬ್ಬರು ಬೇರೆ ಬೇರೆಯಾಗಿ ಇದನ್ನು ಕಂಡುಕೊಂಡರು. ಇದೇ ಮಾತನ್ನು ತಿರುಗಿಸಿ ಓದಿ: ಪಂಪು ಹಾಕಿ ನೀರಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ ಕೆಳಗಿನ ಉಪ್ಪು ಕಾಲಕ್ರಮದಲ್ಲಿ ನಲವತ್ತು ಅಡಿ ಮೇಲೇರಬಹುದು. ಅಳಿವೆಯ ಬದಿಯಲ್ಲಿ ಇನ್ನೊಂದು ಕೊಳವೆಬಾವಿಗೆ ಬೇಡಿಕೆ ಬಂದಾಗ ಈ ಸಂಖ್ಯೆ ನೆನಪಿರಲಿ.

ಇದು ನಮ್ಮೊಬ್ಬರ ಕಷ್ಟವೆಂದು ತಿಳಿಯಬೇಡಿ. ನೆದರ್ಲೆಂಡ್ಸ್ ದೇಶದವರು 1932ರಲ್ಲಿ 32 ಕಿಲೋಮೀಟರ್ ಉದ್ದದ ಕಟ್ಟೆಯಿಂದ ಒಂದು ಕೊಲ್ಲಿಯನ್ನೇ ಕಡಲಿನಿಂದ ಬೇರ್ಪಡಿಸಿದರು. ಒಳಗಿನ ಉಪ್ಪುನೀರು ಕೆಲವೇ ವರ್ಷಗಳಲ್ಲಿ ಸಿಹಿನೀರಿನ ಸರೋವರವಾಯಿತು. ನಮ್ಮ ಖಾರ್‌ಲ್ಯಾಂಡ್ ಕಟ್ಟೆಗಳ ತತ್ತ್ವವೂ ಅದೇ. ಪನಾಮಾ ಕಾಲುವೆಯ ಕಥೆ ಇದಕ್ಕೆ ತದ್ವಿರುದ್ಧ. 1869ರ ಸುಯೆಜ್ ಕಾಲುವೆ ಸಮುದ್ರಮಟ್ಟದಲ್ಲಿಯೇ ಸಾಗುವುದರಿಂದ ಅಲ್ಲಿ ಹಡಗು ಏರಿಸುವ ಗೇಟುಗಳಿಲ್ಲ. 1914ರ ಪನಾಮಾ ಕಾಲುವೆಯಲ್ಲಿ ಹಡಗನ್ನು 26 ಮೀಟರ್ ಮೇಲೆತ್ತಿ ಮಳೆನೀರಿನ ಗಾಟುನ್ ಸರೋವರದ ಮೂಲಕ ದಾಟಿಸುತ್ತಾರೆ. ಒಂದೊಂದು ಹಡಗು ದಾಟಿದಾಗಲೂ ಸುಮಾರು 20 ಕೋಟಿ ಲೀಟರ್ ಸಿಹಿನೀರು ಕಡಲಿಗೆ ಹೋಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟಾಗ ಹಡಗುಗಳ ಸಂಖ್ಯೆಯನ್ನೇ ಕಡಿತಗೊಳಿಸಬೇಕಾಯಿತು, ಏಕೆಂದರೆ ಆ ದೇಶದ ಜನ ಕುಡಿಯುವುದೂ ಅದೇ ಸರೋವರದ ನೀರು. ಗೇಟು ತೆರೆದಾಗಲೆಲ್ಲ ಉಪ್ಪು ಒಳನುಸುಳುತ್ತದೆಂಬ ಚಿಂತೆಯೂ ಅವರಿಗಿದೆ.

ಒಂದು ವರ್ಷದ ಅನುಭವ

ನಾನು ಸೇವೆಗೆ ಸೇರಿದ ಆರಂಭದ ದಿನಗಳಲ್ಲಿ ಕೆಲಸ ಮಾಡಿದ ಒಂದು ಪಂಚಾಯತ್‌ನಲ್ಲಿ ಉಬ್ಬರ ತಲುಪುವ ಜಾಗದಲ್ಲಿ ಕಿಂಡಿ ಅಣೆಕಟ್ಟು ಇತ್ತು. ಆ ವರ್ಷ ಮಳೆ ಬೇಗ ನಿಂತಿತು. ಹಲಗೆಗಳನ್ನು ಲೆಕ್ಕಹಾಕಿದಾಗ ಕೆಲವು ಗೆದ್ದಲು ಹಿಡಿದಿದ್ದವು, ಕೆಲವು ಇರಲೇ ಇಲ್ಲ. ಹೊಸ ಹಲಗೆಗೆ ದರಪಟ್ಟಿ ಕರೆದೆ, ಬಂದದ್ದು ಒಂದೇ. ನಿಯಮದಂತೆ ಮತ್ತೆ ಕರೆದೆ. ಕೋರಂ ಇಲ್ಲದೆ ಸಭೆ ಮುಂದಕ್ಕೆ ಹೋಯಿತು. ಹಿರಿಯ ಕೃಷಿಕರೊಬ್ಬರು ಎರಡು ಸಲ ಕಚೇರಿಗೆ ಬಂದುಹೋದರು. ಮೂರನೆಯ ಸಲ ಬಾಗಿಲಲ್ಲಿಯೇ ನಿಂತು, "ಸಾರ್, ಹೊಳಿ ಮೀಟಿಂಗಿಗೆ ಕಾಯತ್ತಾ?" ಎಂದು ಕೇಳಿದರು. ನನ್ನ ಬಳಿ ಕಡತವಿತ್ತು, ಉತ್ತರವಿರಲಿಲ್ಲ.

ಹಲಗೆ ಬಿದ್ದದ್ದು ಜನವರಿಯಲ್ಲಿ. ಅಷ್ಟರಲ್ಲಿ ಹೊಳೆಯ ಹರಿವು ಬತ್ತಿ, ಹುಣ್ಣಿಮೆಯ ಉಬ್ಬರವು ಕಿಂಡಿಗಳನ್ನು ದಾಟಿ ಮೇಲಿನ ಗುಂಡಿಗಳಲ್ಲಿ ನಿಂತಿತ್ತು. ಸಿಹಿನೀರನ್ನು ಹಿಡಿಯಬೇಕಾದ ಹಲಗೆ ಒಳಗೆ ಉಪ್ಪುನೀರನ್ನೇ ಕೂಡಿಹಾಕಿತು. ಮಾರ್ಚ್ ಹೊತ್ತಿಗೆ ತಗ್ಗಿನ ಮನೆಗಳ ಬಾವಿಯ ನೀರು ನಾಲಗೆಗೆ ತಿಳಿಯುವಷ್ಟು ಚಪ್ಪೆ ಉಪ್ಪಾಯಿತು. ಸುಗ್ಗಿಯ ಗದ್ದೆಗಳ ಕೆಳಸಾಲು ಕೆಂಪಾಯಿತು. ಮಳೆ ಬರುವವರೆಗೆ ಟ್ಯಾಂಕರ್ ಓಡಿತು. ಟ್ಯಾಂಕರ್ ಬಿಲ್ಲಿನಲ್ಲಿ ಆ ಅಣೆಕಟ್ಟಿಗೆ ಎರಡು ಸಾಲು ಹೊಸ ಹಲಗೆ ಬರುತ್ತಿತ್ತು. ನಿಯಮ ಮೀರಿದವರು ಯಾರೂ ಇರಲಿಲ್ಲ, ನಾನೂ ಸೇರಿ. ತಪ್ಪು ಮಾತ್ರ ಆಗಿತ್ತು, ಅದರಲ್ಲಿ ದೊಡ್ಡ ಪಾಲು ನನ್ನದು: ಹಲಗೆಯನ್ನು ಎಣಿಸುವ ಕೆಲಸ ಮಳೆ ನಿಂತ ಮೇಲಿನದ್ದೆಂದು ನಾನು ತಿಳಿದಿದ್ದೆ. ಅದು ಹಲಗೆ ತೆಗೆದ ದಿನದ ಕೆಲಸ.

ಯಾವಾಗ, ಹೇಗೆ

ಬಹಳ ಬೇಗ ಹಲಗೆ ಹಾಕಿದರೆ ತಡವಾದ ಮಳೆಗೆ ನೆರೆ ಬಂದು, ಮುಚ್ಚಿದ ಕಿಂಡಿಯಿಂದ ದಾರಿ ಸಿಗದೆ ದಡವನ್ನೇ ಕೊರೆಯುತ್ತದೆ. ತಡವಾದರೆ ಮೇಲೆ ಹೇಳಿದ ಕಥೆ. ಮಳೆ ನಿಂತು, ಹೊಳೆ ಇನ್ನೂ ಹರಿಯುತ್ತಿರುವ ನಡುವಿನ ಕೆಲವು ವಾರಗಳೇ ಸರಿಯಾದ ಕಾಲ; ನಮ್ಮಲ್ಲಿ ಸಾಮಾನ್ಯವಾಗಿ ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ಭಾಗ. ಉಬ್ಬರ ತಲುಪುವ ಜಾಗದಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳನ್ನು ಬಿಟ್ಟು ಅಷ್ಟಮಿಯ ಆಸುಪಾಸಿನ ಸಣ್ಣ ಉಬ್ಬರದ ದಿನಗಳಲ್ಲಿ, ಇಳಿತದ ಹೊತ್ತಿಗೆ ಕೆಲಸ ಆರಂಭಿಸಬೇಕು. ದಿನ ನಿಶ್ಚಯಿಸಲು ಊರಿನ ಮೀನುಗಾರರನ್ನು ಕೇಳಿದರೆ ಸಾಕು, ಅವರ ಲೆಕ್ಕ ತಪ್ಪುವುದಿಲ್ಲ.

ಹಲಗೆಯ ಎರಡು ಸಾಲುಗಳ ನಡುವೆ ಮಣ್ಣು ತುಂಬುವುದರಲ್ಲಿ ಅವಸರ ಸಲ್ಲದು. ಜರಡಿಯಂಥ ಮರಳುಮಣ್ಣು ನಿಷ್ಪ್ರಯೋಜಕ. ಅಂಟು ಮಣ್ಣನ್ನು ಪದರ ಪದರವಾಗಿ ತುಳಿದು ತುಂಬಬೇಕು. ಸೋರಿಕೆ ಅಲ್ಪವೆಂದು ಬಿಟ್ಟರೆ ಏನಾಗುತ್ತದೆ? ಎಲ್ಲ ಕಿಂಡಿಗಳಿಂದ ಸೇರಿ ಸೆಕೆಂಡಿಗೆ ಐದು ಲೀಟರ್, ಅಂದರೆ ಮೂರು ಸೆಕೆಂಡಿಗೆ ಒಂದು ಕೊಡ, ಸೋರಿದರೆ ದಿನಕ್ಕೆ 4.32 ಲಕ್ಷ ಲೀಟರ್. ಮೇಲಿನಿಂದ ಹರಿವು ನಿಂತ ಮೇಲೆ ನಮ್ಮ ಉದಾಹರಣೆಯ 4 ಕೋಟಿ ಲೀಟರ್ ಸುಮಾರು 93 ದಿನಗಳಲ್ಲಿ ಖಾಲಿ. ಫೆಬ್ರವರಿಯಿಂದ ಎಣಿಸಿದರೆ ಮೇ ಆರಂಭಕ್ಕೆ ಮುಗಿಯಿತು. ಈಗ ಹಲವೆಡೆ ಮರದ ಬದಲು ಫೈಬರ್ ಹಲಗೆ ಬಂದಿದೆ. ಗೆದ್ದಲಿನ ಭಯವಿಲ್ಲ, ಹಗುರ. ಆದರೆ ಕಂಬದ ಗಾಡಿಯಲ್ಲಿ ಸರಿಯಾಗಿ ಕೂರದಿದ್ದರೆ ಯಾವ ಹಲಗೆಯೂ ಸೋರುತ್ತದೆ. ಗಾಡಿಯ ಮೂಲೆ ಒಡೆದಿದ್ದರೆ ಬೇಸಿಗೆಯಲ್ಲಿಯೇ ಸಿಮೆಂಟು ಹಾಕಿಸಿಡಬೇಕು. ಮೇ ಕೊನೆಯೊಳಗೆ ಹಲಗೆ ತೆಗೆಯದಿದ್ದರೆ ಮೊದಲ ನೆರೆಯಲ್ಲಿ ತೇಲಿಬರುವ ಮರಗಳು ಕಿಂಡಿಗೆ ಸಿಕ್ಕಿ ಹೊಳೆ ಪಕ್ಕದ ತೋಟದೊಳಗೆ ಹೊಸ ದಾರಿ ಮಾಡಿಕೊಳ್ಳುತ್ತದೆ.

ಎಲ್ಲರಿಗೂ ಇದರಿಂದ ಲಾಭವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಮೇಲ್ಭಾಗದಲ್ಲಿ ತಗ್ಗಿನ ಅಡಿಕೆ ತೋಟವಿರುವವರ ಗಿಡಗಳ ಬುಡದಲ್ಲಿ ನೀರು ನಿಲ್ಲಬಹುದು. ಕೆಳಭಾಗದಲ್ಲಿ ಮರುವಾಯಿ ಹೆಕ್ಕಿ ಬದುಕುವವರಿಗೆ ಸಿಹಿನೀರು ಬೆರೆಯದ ಅಳಿವೆಯಿಂದ ನಷ್ಟವಾಗಬಹುದು. ಹಲಗೆಯ ಎತ್ತರವನ್ನು ನಿರ್ಧರಿಸುವ ಮುನ್ನ ಇವರ ಮಾತು ಕೇಳುವುದು ಗ್ರಾಮಸಭೆಯ ಕರ್ತವ್ಯ. ಒಂದು ಹಲಗೆ ಕಡಿಮೆ ಹಾಕಿ ಜಗಳ ತಪ್ಪಿಸಿದ ಊರುಗಳನ್ನೂ ನಾನು ಕಂಡಿದ್ದೇನೆ.

ಸಣ್ಣ ನೀರಾವರಿ ಮತ್ತು ಜಲನಿರ್ವಹಣೆ ಸಂವಿಧಾನದ ಹನ್ನೊಂದನೆಯ ಅನುಸೂಚಿಯ ಮೂರನೆಯ ವಿಷಯ. ಕುಡಿಯುವ ನೀರು ಹನ್ನೊಂದನೆಯದು. ಅಣೆಕಟ್ಟನ್ನು ಬೇರೆ ಇಲಾಖೆ ಕಟ್ಟಿದೆ, ಹಲಗೆ ಅವರದೇ ಹೊಣೆ ಎಂದು ಪತ್ರ ಬರೆದು ಕುಳಿತರೆ ಉತ್ತರ ಬರುವಷ್ಟರಲ್ಲಿ ಹುಣ್ಣಿಮೆ ಬಂದಿರುತ್ತದೆ. ಪತ್ರ ಬರೆಯಿರಿ, ಜೊತೆಗೆ ಹಲಗೆಯನ್ನೂ ಎಣಿಸಿರಿ. ದುಜಿಯಾಂಗ್ಯಾನ್‌ನ ಕಬ್ಬಿಣದ ದಿಂಡಿನಂತೆ ನಮ್ಮ ಅಣೆಕಟ್ಟಿನ ಕಂಬದ ಮೇಲೂ ಎರಡು ಗೆರೆಗಳನ್ನು ಬಣ್ಣದಲ್ಲಿ ಬರೆಸಬಹುದು: ಒಂದು ಹೂಳು ತೆಗೆಯಬೇಕಾದ ಆಳಕ್ಕೆ, ಇನ್ನೊಂದು ನೀರು ನಿಲ್ಲಬೇಕಾದ ಎತ್ತರಕ್ಕೆ. ಪಕ್ಕದಲ್ಲಿ ಆ ವರ್ಷ ಹಲಗೆ ಹಾಕಿದ ತಾರೀಕು. ಬಣ್ಣದ ಒಂದು ಸಣ್ಣ ಡಬ್ಬಿ ಸಾಕು, ಅದಕ್ಕೆ ದರಪಟ್ಟಿಯ ಅಗತ್ಯವೂ ಬೀಳದು. ಅಕ್ಟೋಬರ್ ತಿಂಗಳ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು "ಇತರೆ"ಯಿಂದ ತೆಗೆದು ಮೊದಲ ಪುಟಕ್ಕೆ ತರುವಂತೆ ತಮ್ಮ ಪಂಚಾಯತ್ ಅಭಿವೃದ್ಧಿ ಅಧಿಕಾರಿಗೆ ಸೆಪ್ಟೆಂಬರ್‌ನಲ್ಲಿಯೇ ಲಿಖಿತವಾಗಿ ತಿಳಿಸಬೇಕಾಗಿ ಕೋರಿದೆ.